ಸೊನ್ನೆ ತುಂಬಿದ ಡಿಸ್ಕ್

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ದೂರು ಮೆರವಣಿಗೆಯಲ್ಲಿ ಬಂತು. ಮುಂದೆ ಹೆಂಗಸರ ಉಡುಪು ಹೊಲಿಯುವ ಅಂಗಡಿಯ ಯಜಮಾನಿ, ಪಕ್ಕದಲ್ಲಿ ಅದೇ ಅಂಗಡಿಯಲ್ಲಿ ಹೊಲಿಯುವ ಅವಳ ಓರಗಿತ್ತಿ, ಹಿಂದೆ ಇಡೀ ಬೀದಿ. ನಡುವೆ, ಹಣೆ ಒಡೆಸಿಕೊಂಡ ಹಳೆ ಕಂಪ್ಯೂಟರ್ ಅಂಗಡಿಯವನು.

ಯಾರೋ ಪಾಪಿಗಳು ಬೀದಿಯ ಗೋಡೆಗಳಿಗೆಲ್ಲ ಗಿರಾಕಿ ಹೆಂಗಸರ ಫೋಟೊ ಅಂಟಿಸಿ, ಕೆಳಗೆ ಎದೆ, ಸೊಂಟದ ಅಳತೆ ಮುದ್ರಿಸಿದ್ದರು. ಅವೆಲ್ಲ ಯಜಮಾನಿಯ ಹಳೆ ಕಂಪ್ಯೂಟರಿನಲ್ಲಿದ್ದವು. ಅದನ್ನು ಹೋದ ವಾರವಷ್ಟೇ ಇವನಿಗೆ ಮಾರಿದ್ದಳು.

“ಅಳಿಸ್ತೀನಿ ಅಂತ ಹೇಳಿ ಕದ್ದಿಟ್ಕೊಂಡಿದಾನೆ ಸಾರ್. ಒಳಗೆ ಹಾಕಿ, ಇಲ್ಲಾ ನಮ್ಮ ಕೈಗೆ ಬಿಡಿ,” ಎಂದಳು ಯಜಮಾನಿ.

“ಬರೀ ಡಿಲೀಟ್ ಮಾಡಿದ್ರೆ ಆಮೇಲೆ ಎತ್ತಬಹುದು ಸಾರ್,” ಎಂದ ಅವನು. “ಅದಕ್ಕೇ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಸ್ತೀನಿ. ಬ್ರಹ್ಮ ಬಂದ್ರೂ ಏನೂ ಸಿಗಲ್ಲ.”

“ಕಳ್ಳನಿಗೊಂದು ಪಿಳ್ಳೆ ನೆವ,” ಎಂದಳು ಓರಗಿತ್ತಿ.

ಇನ್‌ಸ್ಪೆಕ್ಟರಿಗೂ ಅವನ ಮೇಲೇ ಗುಮಾನಿ. ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಬರೆದು ಅವನ ಅಂಗಡಿಯಿಂದ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡರು. ಅವನನ್ನು ಬಂಧಿಸಿ, ಕೋರ್ಟಿನಿಂದ ಪೊಲೀಸ್ ಕಸ್ಟಡಿಗೆ ಪಡೆದರು.

ಮರುದಿನ ಸಂಜೆ ತಜ್ಞರ ವರದಿ ಬಂತು: ಡಿಸ್ಕಿನಲ್ಲಿ ತುದಿಯಿಂದ ತುದಿಗೆ ಸೊನ್ನೆ.

“ಮೊದಲು ಕಾಪಿ ಮಾಡ್ಕೊಂಡು ಆಮೇಲೆ ಅಳಿಸಿರಬಹುದಲ್ಲ ಸಾರ್?” ಎಂದ ದಫೇದಾರ.

“ಆಯಮ್ಮ ಎದುರೇ ಕೂತಿದ್ರು, ಎಲ್ಲಿ ಮಾಡ್ಲಿ?” ಎಂದು ಲಾಕಪ್ಪಿನಿಂದ ಕೂಗಿದ ಅಂಗಡಿಯವನು.

“ಯಾವ ಆಯಮ್ಮ?”

“ಕಂಪ್ಯೂಟರ್ ತಂದವರು. ಆ ಓರಗಿತ್ತಿ.”

ಬುಧವಾರ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಮಹಿಳಾ ಪೇದೆ ಹೊಲಿಗೆ ಅಂಗಡಿಗೆ ಹೋದರು. ದಾರಿಯಲ್ಲಿ ಕಂಪ್ಯೂಟರಿನವನ ಅಂಗಡಿಯ ಗಾಜು ಪುಡಿಪುಡಿಯಾಗಿ ಬಿದ್ದಿತ್ತು. ಅವನು ಹೊರಗೆ ಬಂದರೆ ಈ ಜನ ಜೀವಸಹಿತ ಬಿಡುವುದಿಲ್ಲ ಎನ್ನಿಸಿತು ಇನ್‌ಸ್ಪೆಕ್ಟರಿಗೆ.

“ಕಂಪ್ಯೂಟರ್ ಕೊಟ್ಟು ಬಂದಿದ್ದು ಯಾರು?”

“ಇವಳೇ ಸಾರ್,” ಎಂದು ಯಜಮಾನಿ ಓರಗಿತ್ತಿಯತ್ತ ಕೈ ತೋರಿಸಿದಳು. “ಒಂದು ಕೆಲಸಾನೂ ನೆಟ್ಟಗೆ ಮಾಡಲ್ಲ. ಕೂತು ಅಳಿಸಿಸೇ ಅಂದ್ರೆ ಬಿಸಾಕಿ ಬಂದಿರ್ತಾಳೆ. ಇವಳಿಂದಾನೇ ಇಷ್ಟೆಲ್ಲ.”

ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

“ಯಾರು ಬಿಸಾಕಿ ಬಂದಿದ್ದು?” ಓರಗಿತ್ತಿ ಎದ್ದೇ ಬಿಟ್ಟಳು. “ಕೈಯಿಂದ ಇಳಿಸಿದ ತಕ್ಷಣ ನನ್ನೆದುರೇ ಶುರು ಮಾಡಿಸ್ದೆ. ಮುಗಿಯೋವರೆಗೂ ಸ್ಟೂಲ್ ಬಿಟ್ಟು ಎದ್ದಿಲ್ಲ. ಒಂದು ಚೂರೂ ಉಳೀಬಾರದು ಅಂತ ಹೇಳಿ ಹೇಳಿ ಅಳಿಸಿಸಿದೀನಿ!”

“ಮಧ್ಯೆ ಅವನು ಕಂಪ್ಯೂಟರಿಗೆ ಬೇರೇನೂ ಸಿಕ್ಕಿಸಲಿಲ್ವಾ?”

“ನಾನು ಬಿಟ್ಟಿದ್ರೆ ತಾನೆ?”

“ಹಾಗಾದ್ರೆ ಅವನು ಕಾಪಿ ಮಾಡಿದ್ದು ಯಾವಾಗಮ್ಮ?”

ಅವಳ ಕೈ ತನ್ನ ಹೊಲಿಗೆ ಯಂತ್ರದ ಡ್ರಾಯರನ್ನು ಒತ್ತಿ ಹಿಡಿಯಿತು.

ಮಹಿಳಾ ಪೇದೆ ಅವಳ ಯಂತ್ರದ ಡ್ರಾಯರ್ ಎಳೆದಳು. ದಾರದ ಉಂಡೆಗಳ ಅಡಿಯಲ್ಲಿ ಪೆನ್‌ಡ್ರೈವ್. ಅದರಲ್ಲಿ ಅಷ್ಟೂ ಫೋಟೊ, ಅಷ್ಟೂ ಅಳತೆ. ತಾರೀಕು ನೋಡಿದರೆ, ಮಾರುವ ಹಿಂದಿನ ದಿನವೇ ಕಾಪಿಯಾಗಿದ್ದವು. ತಾನು ಕಾಪಿ ಮಾಡಿದ ಗುರುತು ಉಳಿಯಬಾರದೆಂದು ಡಿಸ್ಕನ್ನು ಅಷ್ಟು ಚೊಕ್ಕಟ ಮಾಡಿಸಿ, ಅಂಗಡಿಯವನನ್ನು ತಾನೇ ಬಚಾವು ಮಾಡಿದ್ದಳು. ಪಂಚರ ಸಹಿಯಾಯಿತು, ಬಂಧನವಾಯಿತು.

“ಹೊಲಿಯೋಳು ನಾನು,” ಎಂದಳು ಠಾಣೆಯಲ್ಲಿ. “ಚೆನ್ನಾಗಿ ಬಂದ್ರೆ ಅಕ್ಕನ ಕೈಗುಣ, ಕೆಟ್ರೆ ನನ್ನ ಹಣೆಬರಹ. ಅವಳ ಅಂಗಡಿ ಹಾಳಾಗಿ ಹೋಗಲಿ ಅಂತ ಮಾಡ್ದೆ.”

“ಆ ಹೆಂಗಸರು ನಿನಗೇನು ಮಾಡಿದ್ರು? ಅವನೇನು ಮಾಡಿದ್ದ?” ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಸೆರಗಿಗೆ ಅಂಟಿದ್ದ ದಾರದ ಎಳೆಯೊಂದನ್ನು ಕಿತ್ತಳು.

“ನೀನು ‘ಹೌದು, ಬಿಸಾಕಿ ಬಂದೆ’ ಅಂತ ಒಪ್ಕೊಂಡಿದ್ರೆ ಅವನೇ ಸಿಕ್ಕಿಬೀಳ್ತಿದ್ದ. ಯಾಕೆ ಅನ್ನಲಿಲ್ಲ?”



“ಅದೊಂದು ಕೆಲಸ ನೆಟ್ಟಗೆ ಮಾಡಿದ್ದೆ ಸಾರ್. ಅಕ್ಕ ಅದನ್ನೂ ಇಲ್ಲ ಅಂದುಬಿಟ್ಟಳು.”

ಇನ್‌ಸ್ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆಸಿದರು.