ನಾಲ್ಕನೇ ನುಡಿಯ ಬಳೆಸದ್ದು

"ಹಾಡಿದಾಕಿ ನೀನ, ಈಗ ನಾ ಹಾಡಿಲ್ಲ ಅಂದ್ರ? ನಾನೇನ್ ಹುಚ್ಚ ಅದೀನೇನು?" ಎಂದು ಹಾಡುಗಾರ್ತಿ ಪದ್ಮಾವತಿಯ ಮೇಲೆ ಕೂಗಾಡಿದೆ.

"ನಾ ಹಾಡಿದ್ದು ಮೂರ ನುಡಿ, ಕಾಕಾ. ನಾಲ್ಕನೇದು ಯಾರದೋ. ತಗದ ಹಾಕ್ರಿ. ಇಲ್ಲಾಂದ್ರ ಭಾನುವಾರ ಡೊಂಬಿವಲಿ ಕಾರ್ಯಕ್ರಮದಾಗ ನಾ ಹಾಡಂಗಿಲ್ಲ."

ಕಳಂಬೋಲಿಯ ನನ್ನ ಸ್ಟುಡಿಯೊದಲ್ಲಿ ಮಾಡಿದ ಆ ಜೋಡಿ ಪ್ರೇಮಗೀತೆ ಮೂರು ವಾರದಿಂದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಜನ ಮೆಚ್ಚಿದ್ದು ನಾಲ್ಕನೇ ನುಡಿಯನ್ನೇ. ನಾನು ಬರೆದದ್ದು ಮೂರೇ ಚರಣ. ನಾಲ್ಕನೆಯದನ್ನು ಅವಳೇ ಕಟ್ಟಿ ಸೇರಿಸಿದಳೆಂದು ತಿಳಿದಿದ್ದೆ.

"ಅದರಾಗಿನ ಬಳಿ ಸಪ್ಪಳ ಕೇಳ್ರಿ," ಎಂದಳು.

ನಮ್ಮ ಕಡೆಯ ಮುತ್ತೈದೆಯರು ಬಳೆ ತೆಗೆಯುವುದಿಲ್ಲ. ಮೈಕಿಗೆ ಸದ್ದು ಬೀಳದಂತೆ ಬಳೆಗಳ ಮೇಲೆ ಕರವಸ್ತ್ರ ಬಿಗಿದು ಕಟ್ಟಿಕೊಂಡು ಹಾಡುತ್ತಾರೆ. ಅವಳೂ ಕಟ್ಟಿಕೊಂಡಿದ್ದನ್ನು ನಾನೇ ನೋಡಿದ್ದೆ.

ಕಂಪ್ಯೂಟರಿನಲ್ಲಿ ಅವಳ ದನಿಯೊಂದನ್ನೇ ಹಚ್ಚಿದೆ. ಮೂರನೇ ನುಡಿ ಮುಗಿದ ಮೇಲೆ ಪರದೆಯ ಮೇಲಿನ ದನಿಯ ಗೆರೆ ಸಪಾಟಾಗಿತ್ತು. ಆದರೂ ಸ್ಪೀಕರಿನಲ್ಲಿ ಹೆಣ್ಣೊಬ್ಬಳು ಹಾಡಿದಳು, ಬಳೆಗಳು ಘಲ್ಲೆಂದವು. ಎಸಿ ಕೆಟ್ಟು ವಾರವಾಗಿತ್ತು, ಮೇ ತಿಂಗಳ ಮಧ್ಯಾಹ್ನ; ನನ್ನ ಪಾದಗಳು ತಣ್ಣಗಾದವು.

ಆದರೂ ಹೇಳಿದೆ, "ಹಾಡು ಹಂಗ ಇರ್ಲಿ."

ಪದ್ಮಾವತಿ ಚಪ್ಪಲಿ ಮೆಟ್ಟಿ ಹೊರಟಳು. ಕರವಸ್ತ್ರ ಕಟ್ಟಿರದ ಎರಡೂ ಕೈಗಳ ತುಂಬ ಗಾಜಿನ ಬಳೆಗಳಿದ್ದರೂ ಒಂದೂ ಸದ್ದು ಮಾಡಲಿಲ್ಲ. ಅವಳು ಕಾಮೋಠೆಯ ತನ್ನ ಮನೆಯನ್ನೂ ಮುಟ್ಟಲಿಲ್ಲ, ತಿರುಗಿಯೂ ಬರಲಿಲ್ಲ.