ಬಿಟ್ಟುಕೊಟ್ಟ ಪಾಯಿಂಟು

ಧಾರವಾಡದ ಟೆನಿಸ್ ಅಂಗಳದಲ್ಲಿ ಎಂದೂ ಎದುರಾಗದ ಇಬ್ಬರು ಆಡುತ್ತಿದ್ದರು. ಒಬ್ಬಳು ೨೦೬೩ರ ರಾಷ್ಟ್ರ ಚಾಂಪಿಯನ್ ಈಶಾನಿ. ಇನ್ನೊಬ್ಬಳು ೨೦೨೫ರ ಚಾಂಪಿಯನ್ ಪ್ರಣತಿ ಹಲಗತ್ತಿ, ಇಪ್ಪತ್ನಾಲ್ಕರ ಪ್ರಾಯದವಳು. ಇಬ್ಬರೂ ಬೆಳಕಿನ ಬೊಂಬೆಗಳು. ಅರವತ್ತೆರಡು ವರ್ಷದ ನಿಜವಾದ ಪ್ರಣತಿ ಗ್ಯಾಲರಿಯಲ್ಲಿ ಕೈಕಟ್ಟಿ ಕುಳಿತು ತಮ್ಮ ಸೋಲನ್ನು ನೋಡುತ್ತಿದ್ದರು.

ಡಾ. ನೇಮಿನಾಥ ಬಾಳಿಕಾಯಿ ಕಂಡುಹಿಡಿದ ಈ ಯಂತ್ರದ ಹೆಸರು ‘ಸಮಕಾಲ’. ಹಳೆಯ ವಿಡಿಯೊಗಳಿಂದ ಆಟಗಾರರ ಪ್ರತಿ ಹೆಜ್ಜೆ, ಹೊಡೆತ, ತಪ್ಪನ್ನೂ ಅಳೆದು, ರ್‍ಯಾಕೆಟ್ಟು, ನೆಲಗಳ ವ್ಯತ್ಯಾಸವನ್ನು ಕಳೆದು, ಎಲ್ಲ ಕಾಲದವರನ್ನೂ ಅದು ಒಂದೇ ಅಂಗಳಕ್ಕೆ ಇಳಿಸುತ್ತಿತ್ತು. ಯಾರು ದೊಡ್ಡವರೆಂಬ ಚಹಾದಂಗಡಿಯ ಜಗಳಗಳೆಲ್ಲ ಇದರಿಂದ ತಣ್ಣಗಾಗಿದ್ದವು. ಪ್ರಣತಿಗೆ ಸಿಕ್ಕಿದ್ದು ನಲವತ್ತೊಂದನೇ ಸ್ಥಾನ. ಮೊದಲ ಹತ್ತರಲ್ಲಿ ಇಲ್ಲದವರ ಹೆಸರು ಅಂಗಳಗಳಿಗೆ ಬೇಡವೆಂದು ಕ್ರೀಡಾ ಸಮಿತಿ ತೀರ್ಮಾನಿಸಿತ್ತು. ಈ ಅಂಗಳಕ್ಕಿದ್ದ ಅವರ ಹೆಸರು ನಾಳೆ ಇಳಿಯಲಿತ್ತು. ಇಪ್ಪತ್ತು ವರ್ಷದಿಂದ ಇಲ್ಲೇ ಮಕ್ಕಳಿಗೆ ಆಟ ಕಲಿಸುತ್ತಿದ್ದ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ನೇಮಿನಾಥ ಹತ್ತಿರ ಬಂದರು. “ಅಕ್ಕಾರ, ಒಂದು ಕೇಳ್ಲ್ಯಾ? ಎದುರಿನಾಕಿ ಚೆಂಡು ಔಟಂತ ಅಂಪೈರ್ ನಿಮಗ ಪಾಯಿಂಟ್ ಕೊಟ್ಟ ಮ್ಯಾಲೆ ಎಷ್ಟೋ ಸಲ ನಿಮ್ಮ ಮುಂದಿನ ಹೊಡೆತ ಸೀದಾ ನೆಟ್ಟಿಗೆ ಹೋಗೇದ. ಇದು ಹೆಂಗ್ರಿ?”

“ಅಂಪೈರ್ ತಪ್ಪಿ ಕೊಟ್ಟಿದ್ದು ಅದು, ತಮ್ಮಾ. ಚೆಂಡು ಗೆರಿ ಮ್ಯಾಲೆ ಬಿದ್ದಿದ್ದನ್ನ ನಾ ಕಂಡಿರ್ತಿದ್ದೆ. ಅಂಪೈರ್ ಜೋಡಿ ವಾದ ಮಾಡಬಾರದು, ಮುಂದಿನ ಪಾಯಿಂಟ್ ಬಿಟ್ಟುಕೊಡಬೇಕು ಅಂತ ನಮ್ಮ ಕ್ಲಬ್ಬಿನ ಪದ್ಧತಿ ಇತ್ತು.”

ನೇಮಿನಾಥ ಪೆಚ್ಚಾದರು. ಯಂತ್ರ ಅವನ್ನೆಲ್ಲ ಒತ್ತಡಕ್ಕೆ ಸಿಕ್ಕು ಮಾಡಿದ ತಪ್ಪುಗಳೆಂದು ಎಣಿಸಿತ್ತು.

“ಯಾವ್ಯಾವು ಬೇಕಂತ ಬಿಟ್ಟಿದ್ದು, ಗುರುತು ಹಾಕಿಕೊಡ್ರಿ. ಆರನೇ ಸ್ಥಾನಕ್ಕ ಬರ್ತೀರಿ. ಹೆಸರು ಉಳಿತದ.”

ಪ್ರಣತಿ ಎದ್ದು ನಿಂತರು. “ಹಾಕಿಕೊಡಂಗಿಲ್ಲ.”

“ಹಟ ಮಾಡಬ್ಯಾಡ್ರಿ ಅಕ್ಕಾರ!”

“ಕೊಟ್ಟಿದ್ದನ್ನ ಈಗ ಲೆಕ್ಕಕ್ಕ ಹಿಡಿದ್ರ ಅವಾಗ ಕೊಟ್ಟಂಗ ಏನಾತು? ನಿನ್ನ ಯಂತ್ರಕ್ಕ ನಾ ಯಾಕ ಜವಾಬು ಹೇಳ್ಲಿ? ಹೆಸರು ಕಿತ್ತ ಹಾಕ್ರಿ. ನಾಳೆ ಮುಂಜಾನೆ ಮಕ್ಕಳು ಬರ್ತಾವ. ನಾ ಅವಕ್ಕ ಇದನ್ನ ಕಲಿಸಾಕಿ.”

ಮರುದಿನ ಹೆಸರು ಇಳಿಯಿತು. ಕೆಳಗೆ ಅಂಗಳದಲ್ಲಿ ಮಕ್ಕಳಿಗೆ ಪ್ರಣತಿಯವರ ಗದರಿಕೆ ಎಂದಿನಂತೆ ಕೇಳುತ್ತಿತ್ತು.

ನೇಮಿನಾಥರಿಗೆ ಮಾತ್ರ ಸಮಾಧಾನವಿರಲಿಲ್ಲ. ಯಂತ್ರ ಬಂದ ಮೇಲೆ ಆಟಗಾರರ ತಪ್ಪುಗಳು ಕಡಿಮೆಯಾಗಿವೆ, ಇದೇ ಪ್ರಗತಿ ಎಂದು ಅವರೇ ಪ್ರಬಂಧ ಬರೆದಿದ್ದರು. ಈಗ ಹುಡುಕಿ ನೋಡಿದರೆ, ಯಂತ್ರ ಬಂದ ಈ ಐದು ವರ್ಷಗಳಲ್ಲಿ ಸ್ಥಾನ ಇಳಿಯುವ ಭಯಕ್ಕೆ ಯಾರೊಬ್ಬರೂ ಒಂದು ಪಾಯಿಂಟನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವರಿಗೆ ನಾಚಿಕೆಯಾಯಿತು.

ಬಿಟ್ಟುಕೊಟ್ಟದ್ದನ್ನು ತಪ್ಪೆಂದು ಎಣಿಸುವುದು ಯಂತ್ರಕ್ಕೆ ಎಲ್ಲಿಂದ ಬಂತೆಂದು ೨೦೨೫ರ ಫೈನಲಿನ ವಿಡಿಯೊ ಹಾಕಿದರು. ಅಂಪೈರ್ ತಪ್ಪಿ ಪಾಯಿಂಟ್ ಕೊಟ್ಟೊಡನೆ ಪ್ರಣತಿ ಮುಂದಿನ ಚೆಂಡನ್ನು ನೆಟ್ಟಿಗೆ ಹೊಡೆದಳು. ಎದುರಾಳಿ ಅರ್ಥವಾದವಳಂತೆ ತಲೆಬಾಗಿದಳು. ಗ್ಯಾಲರಿ ತುಂಬ ಜನ ಗೊಳ್ಳೆಂದು ನಕ್ಕರು, ಮತ್ತು ಅಂಕಫಲಕದ ಬಳಿ ಕುಳಿತಿದ್ದ ಮನುಷ್ಯನೊಬ್ಬ ಪ್ರಣತಿಯ ಹೆಸರಿನ ಮುಂದೆ ತಪ್ಪುಗಳ ಸಂಖ್ಯೆಯನ್ನು ಒಂದು ಏರಿಸಿದ.