ಬೇಕೆಂದೇ ಬಿಟ್ಟ ಪರೀಕ್ಷೆ

"ನಿಮ್ಮ ಪ್ರಶ್ನೆಪತ್ರಿಕೆ ನೋಡಿದ್ರೆ, ಒಂದು ಗಿಡಾನೂ ಮುಟ್ಟದೆ ಪಾಸಾಗ್ಬಹುದಲ್ವಾ ಮೇಡಂ?"

ಮೊದಲ ಭೇಟಿಯಲ್ಲಿ ಅವನಾಡಿದ ಮೊದಲ ಮಾತೇ ಇದು! ಸಸ್ಯಶಾಸ್ತ್ರದ ಮೇಡಂಗೆ ಮೈಯೆಲ್ಲ ಉರಿದುಹೋಯಿತು.

"ಎಷ್ಟೋ ವರ್ಷದಿಂದ ಪಾಠ ಮಾಡ್ತಿದ್ದೀನಿ ಸಾರ್. ನೀವು ನಿನ್ನೆ ಬಂದೋರು!"

"ಕೋರ್ಸ್ ಮುಗಿದ ಮೇಲೆ ಗಿಡ ಗುರುತಿಸೋಕೆ ಬರಬೇಕು ಅಂತ ನೀವೇ ಬರೆದಿದ್ದೀರ. ಪರೀಕ್ಷೆಲಿ ನೋಡಿದ್ರೆ ಬರೀ ಪ್ರಬಂಧ!"

ವಿಶ್ವವಿದ್ಯಾಲಯದ ಎಲ್ಲ ಕೋರ್ಸುಗಳೂ ಇನ್ನು ಮುಂದೆ ಹೀಗೇ ಇರಬೇಕಂತೆ. ಮಕ್ಕಳಿಗೆ ಏನೇನು ಮಾಡಲು ಬರಬೇಕೆಂದು ಮೊದಲು ಬರೆಯುವುದು, ಆಮೇಲೆ ಪ್ರತಿ ಕಲಿಕೆಗೂ ತಕ್ಕ ಪರೀಕ್ಷೆ ಸೂಚಿಸುವುದು. ಅದನ್ನು ವಿಭಾಗದಿಂದ ವಿಭಾಗಕ್ಕೆ ತಿರುಗಿ ಕಲಿಸಲು ಬಂದವನು ಇವನು. ಇವನ ನೆರಳು ಕಂಡರೆ ಸಾಕು, ಅಧ್ಯಾಪಕರೆಲ್ಲ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. 'ಅಳತೆ ಮೇಷ್ಟ್ರು' ಎಂದು ಹೆಸರಿಟ್ಟವರೂ ಅವರೇ.

ಹಟಕ್ಕೆ ಬಿದ್ದ ಮೇಡಂ ಮಕ್ಕಳನ್ನು ತೋಟಕ್ಕೆ ಕರೆದೊಯ್ದು ಗಿಡಗಳ ಹೆಸರು ಕೇಳಿದಳು. ಮೊದಲ ರ‍್ಯಾಂಕಿನ ಹುಡುಗಿ ಎಲೆ ಹಿಡಿದು ಬೆಪ್ಪಾಗಿ ನಿಂತಳು. ಹಿಂದಿನ ಬೆಂಚಿನವರು ಪಟಪಟನೆ ಹೇಳಿಬಿಟ್ಟರು!

ಸೋಲೊಪ್ಪಿಕೊಳ್ಳಲು ಹೋದವಳು ಅವನೊಂದಿಗೆ ಗಂಟೆಗಟ್ಟಲೆ ಮಾತಾಡುತ್ತಾ ಕೂತಳು. "ನಿಮಗೇನನ್ಸುತ್ತೆ ಮೇಡಂ?" ಎಂದು ಅವನು ಮತ್ತೆ ಮತ್ತೆ ಕೇಳಿದ. ಅವಳನ್ನು ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತು!

ಸಂಜೆ ಕ್ವಾರ್ಟರ್ಸಿನ ಬೀಗ ತೆಗೆದರೆ ಎಂದಿನಂತೆ ಮನೆ ಬಿಕೋ ಎನ್ನುತ್ತಿತ್ತು. ಅಷ್ಟರಲ್ಲಿ ಅಕ್ಕನ ಫೋನು.

"ಏನೇ, ಇವತ್ತಾದ್ರೂ ಮನುಷ್ಯರ ಹತ್ರ ಮಾತಾಡಿದ್ಯಾ? ಇಲ್ಲಾ ಗಿಡಗಳ ಹತ್ರಾನೇನಾ?"

"ಸುಮ್ನಿರೇ ಅಕ್ಕ..." ಎಂದಳು. ಕೆನ್ನೆ ಬಿಸಿಯಾಗಿತ್ತು.

ಅಲ್ಲಿಂದ ಶುರುವಾಯಿತು ನಮ್ಮ ಮೇಡಂನ ಕಳ್ಳಾಟ! ಅವನು ತಿದ್ದಿಸುತ್ತಿದ್ದ ಕೋರ್ಸಿನ ಯೋಜನೆ ಪೂರ್ತಿಯಾದರೆ ಅವನು ಬರುವುದು ನಿಲ್ಲುತ್ತದಲ್ಲ... ಬೇಕೆಂದೇ ಒಂದು ಕಲಿಕೆಗೆ ಪರೀಕ್ಷೆ ಸೂಚಿಸದೆ ಬಿಟ್ಟಳು. "ಇದೊಂದು ಮರೆತಿದ್ದೀರ ಮೇಡಂ" ಎನ್ನುತ್ತಾ ಅವನು ಬಂದ. ಅದನ್ನು ತುಂಬಿ ಇನ್ನೊಂದನ್ನು ಬಿಟ್ಟಳು. ಮತ್ತೆ ಬಂದ. ಮೂರನೆಯ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

"ನನ್ನ ಕೆಲಸ ನಿಮಗೆ ತಮಾಷೆಯಾಯ್ತಾ ಮೇಡಂ? ಬೇರೆಯವರು ಹಿಂದೆ ಆಡ್ಕೊಳ್ತಾರೆ. ನೀವು ಎದುರಿಗೇ..."

ಅವಳು ತಲೆ ತಗ್ಗಿಸಿ ಹಾಳೆಗಳನ್ನು ಜೋಡಿಸತೊಡಗಿದಳು. ಅವನು ಹೊರಟುಹೋದ.

ಮರುವಾರ ಅವನ ಬದಲು ಬೇರೊಬ್ಬರು ಬಂದು ಎಲ್ಲ ಸರಿಪಡಿಸಿದರು. ಹೋಗುವಾಗ, "ಅವರಿಗೆ ಬೇರೆ ವಿಶ್ವವಿದ್ಯಾಲಯದಿಂದ ಕರೆ ಬಂದಿದೆ. ಬಹುಶಃ ಹೋಗಿಬಿಡ್ತಾರೆ" ಎಂದರು.

ಆ ದಿನಗಳಲ್ಲಿ ಅವಳು ಒಲೆಯ ಪಕ್ಕದಲ್ಲೇ ನಿಂತು ಊಟ ಮುಗಿಸುತ್ತಿದ್ದಳು. ಮೇಜಿನ ಮುಂದೆ ಕೂತರೆ ಎದುರಿನ ಕುರ್ಚಿ ಖಾಲಿ. 'ಅಯ್ಯೋ, ಕೈಯಾರೆ ಕಳ್ಕೊಂಡ್ನಲ್ಲ... ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ!' ಅಳು ತಡೆಯಲಾಗಲಿಲ್ಲ.

ಕೊನೆಗೊಂದು ಮಧ್ಯಾಹ್ನ ಧೈರ್ಯ ಮಾಡಿ ಸೆಮಿನಾರ್ ಹಾಲಿಗೆ ನಡೆದಳು. ಅವನು ನಡೆಸುತ್ತಿದ್ದ ತರಬೇತಿ ಮುಗಿದು ಎಲ್ಲರೂ ಹೋಗಿದ್ದರು. ಅವನೊಬ್ಬನೇ ಬೋರ್ಡ್ ಒರೆಸುತ್ತಿದ್ದ.

"ತಮಾಷೆ ಮಾಡ್ಲಿಲ್ಲ ನಾನು. ನೀವು ಬರ್ಲಿ ಅಂತ ಬಿಟ್ಟೆ... ಪ್ರತಿ ಸಲಾನೂ."

ಡಸ್ಟರ್ ಹಿಡಿದ ಕೈ ಅಲ್ಲೇ ನಿಂತಿತು.

"ಬನ್ನಿ ಅಂತ ಕರೀಬಹುದಿತ್ತಲ್ಲ?"

"ಹಾಗೆ ಕರೆಯೋಕೆ ನಂಗೆ ಬರ್ತಿದ್ರೆ ಇಷ್ಟು ವರ್ಷ ಒಬ್ಬಳೇ ಯಾಕಿರ್ತಿದ್ದೆ!" ಅವಳ ದನಿ ಒಡೆಯಿತು. "ನಂಗೆ ನೀವಂದ್ರೆ ಇಷ್ಟ. ತುಂಬಾ..."

ಅವನು ಡಸ್ಟರ್ ಕೆಳಗಿಟ್ಟ.

"ನಾನು ಬಂದ್ರೆ ಎಲ್ರೂ ಎದ್ದು ಹೋಗ್ತಾರೆ. ನನಗೋಸ್ಕರ ಒಬ್ರು ಕಾಯ್ತಾರೆ ಅಂತ... ಹೇಗೆ ಹೊಳೀಬೇಕು ಹೇಳಿ?" ಅವನ ಕಣ್ಣುಗಳೂ ತುಂಬಿದ್ದವು. "ನಿಮ್ಮ ವಿಭಾಗಕ್ಕೆ ಬರೋ ದಿನ ಬೆಳಿಗ್ಗೆಯಿಂದಾನೇ ಖುಷಿಯಾಗಿರ್ತಿದ್ದೆ ನಾನು."

"ಆ ಕರೆಗೆ... ಒಪ್ಪಿಕೊಂಡ್ಬಿಟ್ರಾ?"

"ಇಲ್ಲ. ಇನ್ನು ಒಪ್ಪೋದೂ ಇಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾಳೆ ಸಂಜೆ ಮನೆಗೆ ಬರ್ತೀರಾ?"

"ಏನು ಕೆಲಸ ಇತ್ತು?" ಅಭ್ಯಾಸಬಲದಿಂದ ಕೇಳಿಬಿಟ್ಟ.

"ಏನೂ ಇಲ್ಲ."

"ಹಾಗಾದ್ರೆ ಬೇಗ ಬರ್ತೀನಿ."